ಕ್ರಿಸ್ತನಲ್ಲಿ ದೇವತ್ವವೂ ಮಾನವತ್ವವೂ



ಲಿಂಗವಂತರ ಮಠದ ಉತ್ಸವಮಂಟಪದಲ್ಲಿ ಕ್ರೈಸ್ತರ ತತ್ತ್ವವಿಚಾರವೇಕೆಂದು ಕೆಲವರಿಗೆ ಸಂದೇಹವುಂಟಾಗಬಹುದು. ಸಂದೇಹವು ಸಹಜವೇ ಸರಿ. ಆದರೆ ಈ ಸೀಮೆಯನ್ನೊಮ್ಮೆ ಕಣ್ಣಮುಂದೆ ತಂದುಕೊಂಡರೆ ಅದು ತಾನಾಗಿಯೇ ಸಡಿಲುವುದು. ಯಾದಗಿರಿಯಲ್ಲಿ ಮೆಥೊಡಿಸ್ಟ್ ಸಭೆಯವರ ದೇವಾಲಯವುಂಟು. ಅವರು ಸ್ಥಾಪಿಸಿದ ಹೋಲ್ಸ್ಟನ್ ಆಸ್ಪತ್ರೆಯ ಹೆಸರು ಈ ಭಾಗದ ಹಿರಿಯರಿಗೆಲ್ಲ ಪರಿಚಿತವಾದುದು. ಸುರಪುರದಿಂದ ಹೊರಟು ತಿಂಥಣಿಯ ಬಳಿ ಕೃಷ್ಣೆಯನ್ನು ದಾಟಿ ಲಿಂಗಸುಗೂರಿನ ಮೇಲೆ ಹೋದರೆ ಮುದಗಲ್ಲು ಸಿಕ್ಕುವುದು. ಅಲ್ಲಿ ಆದಿಲಶಾಹಿಯ ಕಾಲದಲ್ಲಿ ಗೋವೆಯಿಂದ ಬಂದ ಪಾದ್ರಿಗಳ ಬೋಧೆಯಿಂದ ಕ್ರಿಸ್ತನನ್ನು ನಂಬಿದವರ ವಂಶಗಳು ಕನ್ನಡವನ್ನೇ ಆಡುತ್ತ ಬಾಳಿಕೊಂಡು ಬಂದಿವೆ. ಅಂಗಡಿಯಲ್ಲಿ, ಹೊಲದ ಬದುವಿನಲ್ಲಿ, ಶಾಲೆಯ ಮಣೆಯ ಮೇಲೆ ಶಿವಭಕ್ತನೂ ಕ್ರಿಸ್ತಭಕ್ತನೂ ಒತ್ತಿಗೆ ಕುಳಿತವರು. ಆದರೂ ನೆರೆಯವನು ಏನನ್ನು ನಂಬಿರುವನೆಂದು ಕೇಳಿದರೆ ಎರಡು ಸುಲಭವಾದ ಉತ್ತರಗಳು ಮಾತ್ರ ದೊರಕುವುವು. ಒಂದು, “ಎಲ್ಲ ದೇವರೂ ಒಂದೇ, ಅವರ ಕ್ರಿಸ್ತನೂ ಒಂದು ಅವತಾರ” ಎಂಬುದು. ಇನ್ನೊಂದು, “ಸತ್ತ ಮನುಷ್ಯನೊಬ್ಬನನ್ನು ದೇವರೆಂದು ಪೂಜಿಸುವ ಮತ” ಎಂಬುದು. ಮೊದಲನೆಯದು ಕೇಳಲು ಇಂಪಾಗಿದ್ದರೂ ವಿಚಾರಿಸುವ ಶ್ರಮವನ್ನು ತಪ್ಪಿಸಿಕೊಳ್ಳುವ ಉಪಾಯ. ಎರಡನೆಯದಂತೂ ಗುರುವಿನ ಪಾದೋದಕವನ್ನು ಕಣ್ಣಿಗೊತ್ತಿಕೊಂಡು ಸ್ವೀಕರಿಸುವವರ ಬಾಯಲ್ಲಿ ಬರತಕ್ಕ ಮಾತೇ ಅಲ್ಲ.

ಕ್ರೈಸ್ತರು ಹೇಳುವುದು ಈ ಎರಡರಲ್ಲಿ ಯಾವುದೂ ಅಲ್ಲ. ನಜರೇತಿನ ಯೇಸುವು ನಿಜವಾದ ದೇವರು, ನಿಜವಾದ ಮನುಷ್ಯ. ಅರ್ಧ ದೇವರೂ ಅರ್ಧ ಮನುಷ್ಯನೂ ಅಲ್ಲ, ಎರಡರಲ್ಲಿಯೂ ಪೂರ್ಣ. ಆದರೆ ಇಬ್ಬರಲ್ಲ, ಒಬ್ಬನೇ. ಇದು ಅವರ ಮತದ ನಡುಗಂಬ. ಈ ಮಾತನ್ನು ಸ್ಥಿರಪಡಿಸಿಕೊಳ್ಳಲು ಅವರಿಗೆ ನಾಲ್ಕುನೂರು ವರ್ಷಗಳಿಗೂ ಮಿಕ್ಕಿದ ಕಾಲ ಹಿಡಿಯಿತು.

ಕಷ್ಟವು ಅವರ ಸುವಾರ್ತೆಗಳಲ್ಲಿಯೇ ಇದೆ. ನಾಲ್ಕು ಸುವಾರ್ತೆಗಳನ್ನು ಓದಿದವನಿಗೆ ಎರಡು ಬಗೆಯ ಸಂಗತಿಗಳು ಒಂದೇ ಎಳೆಯಲ್ಲಿ ನೇಯ್ದುಕೊಂಡು ಕಾಣಬರುತ್ತವೆ. ಯೇಸುವು ಅಡವಿಯಲ್ಲಿ ಹಸಿಯುವನು. ಸಮಾರ್ಯ ಸೀಮೆಯ ಬಾವಿಯ ಬಳಿ ಬಿಸಿಲಿಗೆ ಬಳಲಿ ಕುಳಿತು ಒಬ್ಬ ಹೆಂಗಸಿನಿಂದ ನೀರು ಬೇಡುವನು. ದೋಣಿಯಲ್ಲಿ ದಣಿದು ನಿದ್ರೆ ಹೋಗುವನು. ಗೆಳೆಯನಾದ ಲಾಜರನ ಗೋರಿಯ ಮುಂದೆ ಕಣ್ಣೀರಿಡುವನು. ಅದೇ ದೋಣಿಯಲ್ಲಿ ಎದ್ದು ನಿಂತು ಗಾಳಿಯನ್ನು ಗದರಿಸಿದರೆ ಕಡಲು ಅಡಗುವುದು. ಅದೇ ಗೋರಿಯ ಮುಂದೆ ಕೂಗಿ ಕರೆದರೆ ನಾಲ್ಕು ದಿನದ ಹೆಣ ಹೊರಗೆ ಬರುವುದು. ದೇವರೊಬ್ಬನಿಗೇ ಸಲ್ಲುವ ಪಾಪಕ್ಷಮೆಯನ್ನು ಆತನು ತನ್ನ ಮಾತಿನಿಂದ ಕೊಡುವನು. ಕೊನೆಗೆ ಶಿಲುಬೆಯ ಮೇಲೆ ಬಾಯಾರಿ ಸಾಯುವನು. ಮೂರನೆಯ ದಿನ ಎದ್ದು ಬರುವನು. ಅತ್ತವನೇ ಎಬ್ಬಿಸಿದವನು. ಇವರಿಬ್ಬರನ್ನು ಬೇರೆಬೇರೆ ಮಾಡಿಬಿಟ್ಟರೆ ಕಥೆ ಸುಲಭವಾಗುವುದು, ಆದರೆ ಆ ಕಥೆಯು ಸುವಾರ್ತೆಯದಾಗಿ ಉಳಿಯದು.

ಸುಲಭಮಾಡಲು ಹೊರಟವರು ಮೊದಲ ಶತಮಾನಗಳಲ್ಲಿಯೇ ಹುಟ್ಟಿಕೊಂಡರು. ದೇವರಿಗೆ ಹಸಿವೆಯೇ, ನೋವೇ, ಸಾವೇ? ಆದುದರಿಂದ ಆ ದೇಹವು ದೇಹವೇ ಅಲ್ಲ, ಕಣ್ಣಿಗೆ ತೋರಿದ ತೋರಿಕೆ ಮಾತ್ರ ಎಂದು ಅವರು ವಾದಿಸಿದರು. ಇದನ್ನು ತಿಳಿಯಲು ಶಹಾಪುರದವರು ದೂರ ಹೋಗಬೇಕಾದುದಿಲ್ಲ. ಊರಿನ ಬೆಟ್ಟದ ಸಾಲನ್ನು ದಾರಿಯಿಂದ ನೋಡಿದರೆ ಅಂಗಾತ ಮಲಗಿದ ಪುರುಷನ ಹಣೆ, ಮೂಗು, ಎದೆ ಸ್ಪಷ್ಟವಾಗಿ ಕಾಣುವುವು. ಜನರು ಅದನ್ನು ಮಲಗಿದ ಬುದ್ಧನೆಂದು ಕರೆಯುವರು. ಹತ್ತಿರ ಹೋಗಿ ಹತ್ತಿದರೆ ಅಲ್ಲಿ ಪುರುಷನಿಲ್ಲ, ಬಂಡೆಗಳುಂಟು. ತೋರಿಕೆವಾದಿಗಳ ಕ್ರಿಸ್ತನು ಇಂಥವನು: ದೂರಕ್ಕೆ ಮನುಷ್ಯ, ಸಮೀಪಕ್ಕೆ ಮನುಷ್ಯನಲ್ಲ. ಸಭೆಯ ಹಿರಿಯರು ಇದನ್ನು ತೀಕ್ಷ್ಣವಾಗಿ ಖಂಡಿಸಿದರು. ನೋವು ತೋರಿಕೆಯಾದರೆ ಬಿಡುಗಡೆಯೂ ತೋರಿಕೆಯೇ ಆಗುವುದೆಂಬುದು ಅವರ ಯುಕ್ತಿ.

ಇಲ್ಲಿ ಈ ಸೀಮೆಯ ಶಿವಕಥೆಯೊಂದನ್ನು ಪಕ್ಕದಲ್ಲಿಟ್ಟು ನೋಡುವುದು ಉಚಿತ. ಸುರಪುರದ ಮುದನೂರು ದೇವರ ದಾಸಿಮಯ್ಯನವರ ಊರು. ದಾಸಿಮಯ್ಯನವರು ನೇಯ್ದ ವಸ್ತ್ರವನ್ನು ಶಿವನು ಜಂಗಮವೇಷದಿಂದ ಬಂದು ಬೇಡಿ, ಪಡೆದು, ಹರಿದು, ಭಕ್ತನ ಮನಸ್ಸು ಕದಲದಿದ್ದುದನ್ನು ಕಂಡು ತವನಿಧಿಯನ್ನು ಕರುಣಿಸಿದನೆಂಬ ಕಥೆಯನ್ನು ಕೇಳದವರು ವಿರಳ. ಶಿವಪುರಾಣಗಳಲ್ಲಿ ಇಂಥ ಬರವು ನೂರಾರು. ಶಿವನು ಬರುವನು, ಪರೀಕ್ಷಿಸುವನು, ವೇಷವನ್ನು ಕಳಚಿ ನಿಜರೂಪದಿಂದ ಮೈದೋರಿ ವರವಿತ್ತು ಹೋಗುವನು. ಇದರಲ್ಲಿ ಶಿವನಿಗೆ ತಗಲುವ ನೋವೇನೂ ಇಲ್ಲ. ನೋವೆಲ್ಲ ಭಕ್ತನ ಪಾಲಿನದು. ಕ್ರೈಸ್ತರ ಮಾತಿನ ವಿಶೇಷವು ಇಲ್ಲಿಯೇ ಇರುವುದು. ಅವರ ದೇವರು ಮನುಷ್ಯತ್ವವನ್ನು ವೇಷವಾಗಿ ಧರಿಸಲಿಲ್ಲ. ಆದುದರಿಂದ ಅದನ್ನು ಕಳಚಿಡಲೂ ಇಲ್ಲ. ಮರಿಯಳ ಬಸಿರಲ್ಲಿ ಬೆಳೆದ ಆ ದೇಹವನ್ನೇ, ಸತ್ತೆದ್ದಮೇಲೆಯೂ, ಸ್ವರ್ಗಕ್ಕೆ ಏರಿದಮೇಲೆಯೂ ಆತನು ಬಿಡಲಿಲ್ಲವೆಂದು ಅವರ ನಂಬಿಕೆ. ಆ ದೇಹದಲ್ಲಿ ಮೊಳೆಯ ಗಾಯಗಳು ಇನ್ನೂ ಇವೆ.

ಗಾಯದ ಮಾತು ಬಂದಾಗ ಎರಡು ಕಥೆಗಳು ಎದುರುಬದುರಾಗಿ ನಿಲ್ಲುವುವು. ಗೋರಕ್ಷನು ಯೋಗಸಾಧನೆಯಿಂದ ತನ್ನ ಮೈಯನ್ನು ವಜ್ರಮಾಡಿಕೊಂಡವನು. ಕತ್ತಿಯಿಂದ ಹೊಡೆದರೆ ಆ ಮೈ ಖಣಿಲೆಂದಿತು. ಬಳಿಕ ಅದೇ ಕತ್ತಿಯನ್ನು ಅಲ್ಲಮಪ್ರಭುಗಳ ಮೇಲೆ ಬೀಸಿದಾಗ ಅದು ಬಯಲಲ್ಲಿ ಆಡಿದಂತೆ ಆಚೆಗೆ ಹಾಯಿತು. ದೇಹಾಭಿಮಾನದ ಗಟ್ಟಿತನಕ್ಕಿಂತ ನಿರ್ದೇಹದ ಬಯಲು ದೊಡ್ಡದೆಂದು ಗೋರಕ್ಷನು ಅರಿತು ಶರಣಾದನು. ಕ್ರೈಸ್ತರಲ್ಲಿ ಇನ್ನೊಂದು ಕಥೆ. ಎದ್ದು ಬಂದ ಕ್ರಿಸ್ತನನ್ನು ನಂಬಲೊಲ್ಲದ ತೋಮನೆಂಬ ಶಿಷ್ಯನು ಗಾಯದಲ್ಲಿ ಬೆರಳಿಟ್ಟಲ್ಲದೆ ಒಪ್ಪೆನೆಂದು ಹಟಹಿಡಿದನು. ಕ್ರಿಸ್ತನು ಕೈಯನ್ನು ಚಾಚಿ ಪಕ್ಕೆಯನ್ನು ತೋರಿದಾಗ, ನನ್ನ ದೇವರೇ ಎಂದು ಬಿದ್ದನು. ಗೋರಕ್ಷನು ಆಯುಧ ನಾಟದ ಮೈಯಲ್ಲಿ ಪರತತ್ತ್ವವನ್ನು ಕಂಡನು. ತೋಮನು ಆಯುಧ ನಾಟಿದ ಮೈಯಲ್ಲಿ ಕಂಡನು. ಕೇರಳದ ಪುರಾತನ ಕ್ರೈಸ್ತರು ತಮ್ಮ ಮತದ ಮೂಲಪುರುಷನೆಂದು ಸ್ಮರಿಸುವುದು ಈ ತೋಮನನ್ನೇ. ಎರಡು ಕಥೆಗಳನ್ನೂ ಒಂದೇ ಎಂದುಬಿಡುವವನು ಎರಡನ್ನೂ ಕೇಳಿದವನಲ್ಲ.

ಇನ್ನು ಮತ್ತೊಂದು ಪಕ್ಕದ ಸುಲಭೋಪಾಯ. ಅಲೆಕ್ಸಾಂಡ್ರಿಯ ನಗರದ ಏರಿಯಸ್ ಎಂಬ ಗುರುವು, ಕ್ರಿಸ್ತನು ಸೃಷ್ಟಿಗಳಲ್ಲೆಲ್ಲ ಮೊದಲನೆಯವನೂ ಶ್ರೇಷ್ಠನೂ ಹೌದು, ಆದರೆ ಸೃಷ್ಟಿಯೇ ಸರಿ. ಆತನಿಲ್ಲದ ಕಾಲವೊಂದಿತ್ತು ಎಂದು ಬೋಧಿಸಿದನು. ಈ ಬೋಧೆಯಲ್ಲಿ ತರ್ಕವೂ ಇತ್ತು, ಏಕದೇವನಿಷ್ಠೆಯ ಕಾಳಜಿಯೂ ಇತ್ತು. ಪಾಮರರು ಅದನ್ನು ಹಾಡಾಗಿ ಹಾಡಿದರೆಂದು ಚರಿತ್ರೆ ಹೇಳುವುದು. 325ರಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿಯು ನೈಸೀಯ ಎಂಬಲ್ಲಿ ಧರ್ಮಾಧ್ಯಕ್ಷರ ಮಹಾಸಭೆಯನ್ನು ಕರೆಸಿದನು. ಪುತ್ರನು ತಂದೆಯೊಡನೆ ಏಕಸತ್ತ್ವನೆಂದು ಅಲ್ಲಿ ನಿರ್ಣಯವಾಯಿತು. ನಿರ್ಣಯವಾದರೂ ಜಗಳ ತೀರಲಿಲ್ಲ. ಅದರ ಪರವಾಗಿ ನಿಂತ ಅಥನೇಸಿಯಸ್ ಎಂಬ ಧರ್ಮಾಧ್ಯಕ್ಷನು ಐದು ಸಲ ಗಡೀಪಾರಾದನು. ರಾಜಾಶ್ರಯವು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ವಾಲುತ್ತಿದ್ದಿತು. ತತ್ತ್ವವಿಚಾರದಲ್ಲಿ ಅರಸರು ಕೈಹಾಕಿದರೆ ಹೀಗೆಯೇ. ಕಲ್ಯಾಣದ ಕಥೆಯನ್ನು ಬಲ್ಲವರಿಗೆ ಇದನ್ನು ವಿಸ್ತರಿಸಬೇಕಾಗಿಲ್ಲ.

ದೇವತ್ವವು ಸ್ಥಿರವಾದಮೇಲೆ ಪ್ರಶ್ನೆಯು ಮಾನವತ್ವದ ಕಡೆಗೆ ತಿರುಗಿತು. ಕ್ರಿಸ್ತನಿಗೆ ಮನುಷ್ಯನ ದೇಹವಿದ್ದಿತು, ಆದರೆ ಮನುಷ್ಯನ ಬುದ್ಧಿಯಿರಲಿಲ್ಲ, ಅದರ ಸ್ಥಾನದಲ್ಲಿ ದೈವವೇ ಕುಳಿತಿದ್ದಿತೆಂದು ಅಪೊಲಿನಾರಿಸನು ಹೇಳಿದನು. 381ರ ಕಾನ್‌ಸ್ಟಾಂಟಿನೋಪಲ್ ಸಭೆಯು ಅದನ್ನು ತಳ್ಳಿತು. ನಾಜಿಯಾನ್ಜಸಿನ ಗ್ರೆಗರಿಯೆಂಬ ವಿದ್ವಾಂಸನ ವಾದವು ಇಲ್ಲಿ ಮನನೀಯ. ಮನುಷ್ಯನಲ್ಲಿ ದೇವರು ಯಾವುದನ್ನು ತನ್ನದಾಗಿ ಸ್ವೀಕರಿಸಲಿಲ್ಲವೋ ಅದಕ್ಕೆ ಮದ್ದು ದೊರಕಲಿಲ್ಲ. ರೋಗವು ಬುದ್ಧಿಯಲ್ಲಿರುವಾಗ ವೈದ್ಯನು ದೇಹವನ್ನು ಮಾತ್ರ ಮುಟ್ಟಿ ಹೋದರೆ ಏನು ಫಲ? ಅನಂತರ ನೆಸ್ಟೋರಿಯಸ್ ಎಂಬ ಕಾನ್‌ಸ್ಟಾಂಟಿನೋಪಲಿನ ಧರ್ಮಾಧ್ಯಕ್ಷನು ಮರಿಯಳನ್ನು ದೇವಮಾತೆಯೆನ್ನುವುದು ಸಲ್ಲದೆಂದನು. ಹೆತ್ತುದು ಮನುಷ್ಯನನ್ನಲ್ಲವೆ ಎಂಬುದು ಅವನ ಶಂಕೆ. ಹಾಗಾದರೆ ಕ್ರಿಸ್ತರಿಬ್ಬರೇ, ಎಂದು ಅಲೆಕ್ಸಾಂಡ್ರಿಯದ ಸಿರಿಲನು ಗುಡುಗಿದನು. 431ರ ಎಫೆಸ ಸಭೆಯಲ್ಲಿ ನೆಸ್ಟೋರಿಯಸನು ಪದಚ್ಯುತನಾದನು. ಅದಕ್ಕೆ ಪ್ರತಿಯಾಗಿ ಯೂಟಿಕಸ್ ಎಂಬ ಮುದಿ ಸನ್ಯಾಸಿಯು ಇನ್ನೊಂದು ತುದಿಗೆ ಹಾರಿ, ಎರಡು ಸ್ವಭಾವಗಳು ಕೂಡಿದಮೇಲೆ ಒಂದೇ ಉಳಿಯಿತೆಂದನು. ಅವನ ಮತದಲ್ಲಿ ಮಾನವತ್ವವು ಕಡಲಿಗೆ ಬಿದ್ದ ಹನಿಯಂತೆ ಆಗುವುದೆಂದು ವಿರೋಧಿಗಳು ಆಕ್ಷೇಪಿಸಿದರು.

451ರಲ್ಲಿ ಕಾನ್‌ಸ್ಟಾಂಟಿನೋಪಲಿನ ಎದುರು ದಡದ ಕಾಲ್ಸಿಡನ್ ಎಂಬ ಊರಿನಲ್ಲಿ ಐನೂರರಷ್ಟು ಧರ್ಮಾಧ್ಯಕ್ಷರು ಸೇರಿದರು. ಆ ಸಭೆಯು ಗೊತ್ತುಪಡಿಸಿದುದು ಇದು: ಕ್ರಿಸ್ತನು ಒಬ್ಬನೇ ವ್ಯಕ್ತಿ, ಆತನಲ್ಲಿ ಸ್ವಭಾವಗಳು ಎರಡು, ಅವು ಒಂದರೊಳಗೊಂದು ಬೆರೆತು ಕಲಸಿಹೋಗಲಿಲ್ಲ, ಒಂದು ಇನ್ನೊಂದಾಗಿ ಮಾರ್ಪಡಲಿಲ್ಲ, ಒಡೆದು ಎರಡಾಗಲಿಲ್ಲ, ಅಗಲಿ ದೂರಾಗಲಿಲ್ಲ. ನಾಲ್ಕು ಸಲ ‘ಇಲ್ಲ’ ಎಂದು ಹೇಳಿದರೇ ಹೊರತು, ಎರಡೂ ಹೇಗೆ ಕೂಡಿವೆಯೆಂಬುದನ್ನು ಅವರು ಹೇಳಲಿಲ್ಲ. ಇದನ್ನು ಕೊರತೆಯೆಂದು ಎಣಿಸುವವರುಂಟು. ಆದರೆ ಅಲ್ಲ, ಅಲ್ಲವೆಂದು ತಳ್ಳುತ್ತ ಹೋಗಿ ಹೇಳಬಾರದ ಎಡೆಯಲ್ಲಿ ಮಾತನ್ನು ನಿಲ್ಲಿಸುವ ಕ್ರಮವು ಶೂನ್ಯಸಂಪಾದನೆಯನ್ನು ಓದಿದವರಿಗೆ ಹೊಸದಲ್ಲವಷ್ಟೆ.

ಇಲ್ಲಿ ಶಿವಶರಣರ ಮಾರ್ಗದವರು ಒಂದು ಎಚ್ಚರಿಕೆಯನ್ನು ವಹಿಸಬೇಕು. ಐಕ್ಯವೆಂಬ ಮಾತನ್ನು ಕೇಳಿದೊಡನೆ ಲಿಂಗವಂತನ ಮನಸ್ಸಿಗೆ ಉರಿಯುಂಡ ಕರ್ಪೂರ ನೆನಪಾಗುವುದು. ಕರ್ಪೂರಕ್ಕೆ ಉರಿ ತಾಕಿದರೆ ಕರಿಯೂ ಉಳಿಯದು. ಅದು ಷಟ್ಸ್ಥಲದ ಕೊನೆಯ ನೆಲೆಯ ಸೊಗಸು. ಕಾಲ್ಸಿಡನ್ನಿನ ಸಭೆಯು ಯೂಟಿಕಸನಲ್ಲಿ ಖಂಡಿಸಿದುದು ಇಂಥ ಲಯವನ್ನೇ. ಕ್ರೈಸ್ತ ಪಂಡಿತರು ಕೊಡುವ ಉಪಮೆಯು ಕಾದ ಕಬ್ಬಿಣದ್ದು. ಕಮ್ಮಾರನ ಕುಲುಮೆಯಲ್ಲಿ ಕಬ್ಬಿಣವು ಕೆಂಪಾಗಿ ಬೆಂಕಿಯಂತೆಯೇ ಸುಡುವುದು, ಬೆಳಗುವುದು. ಆದರೆ ಕಬ್ಬಿಣವಾಗಿಯೇ ಇರುವುದು, ಸುತ್ತಿಗೆಯ ಪೆಟ್ಟನ್ನೂ ತಾನೇ ತಿನ್ನುವುದು. ಕರ್ಪೂರವೂ ಕಬ್ಬಿಣವೂ ಬೇರೆ. ಎರಡು ಮತಗಳ ಹಾದಿಗಳು ಎಲ್ಲಿ ಕವಲೊಡೆಯುವುವೆಂಬುದನ್ನು ತಿಳಿಯಲು ಈ ಎರಡು ಉಪಮೆಗಳೇ ಸಾಕು.

ಕಾಲ್ಸಿಡನ್ನಿನ ನಿರ್ಣಯಕ್ಕೆ ತೆತ್ತ ಬೆಲೆ ಅಲ್ಪವಲ್ಲ. ಐಗುಪ್ತ, ಸಿರಿಯ, ಆರ್ಮೀನಿಯಗಳ ಸಭೆಗಳು ಒಪ್ಪದೆ ಬೇರ್ಪಟ್ಟವು. ಎಫೆಸದ ತೀರ್ಪನ್ನು ಒಪ್ಪದವರು ಪಾರಸಿಕ ದೇಶದಲ್ಲಿ ನೆಲೆಸಿದರು. ಕೇರಳದ ಕ್ರೈಸ್ತರು ಶತಮಾನಗಳ ಕಾಲ ಧರ್ಮಾಧ್ಯಕ್ಷರನ್ನು ಪಡೆಯುತ್ತಿದ್ದುದು ಆ ಸಭೆಯಿಂದಲೇ. ಪೋರ್ತುಗೀಜರು 1599ರ ಉದಯಂಪೇರೂರು ಸಭೆಯಲ್ಲಿ ಅವರ ಹಳೆಯ ಗ್ರಂಥಗಳನ್ನು ದೋಷಯುಕ್ತವೆಂದು ಸುಡಿಸಿದರು. 1653ರಲ್ಲಿ ಮಟ್ಟಾಂಚೇರಿಯ ಶಿಲುಬೆಯ ಮುಂದೆ ಆ ಜನರು ಪೋರ್ತುಗೀಜ ಪಾದ್ರಿಗಳ ಅಧೀನತೆಯನ್ನು ಪ್ರತಿಜ್ಞೆಮಾಡಿ ಕಳಚಿಕೊಂಡರು. ಬಳಿಕ ಅವರಲ್ಲಿ ಒಂದು ಭಾಗವು ಕಾಲ್ಸಿಡನ್ನನ್ನು ಒಪ್ಪದ ಸಿರಿಯದ ಸಭೆಯನ್ನು ಆಶ್ರಯಿಸಿತು. ಹೀಗೆ ಬಹುದೂರದ ಗ್ರೀಕ್ ಮಾತುಗಳ ಜಗಳವು ಪಡುವಣ ಕಡಲ ತಡಿಯ ಮನೆಗಳನ್ನು ಒಡೆದುದು ಆಶ್ಚರ್ಯವೇ ಸರಿ. ಇನ್ನೂ ಆಶ್ಚರ್ಯವೆಂದರೆ, 1994ರಲ್ಲಿ ರೋಮಿನ ಪೋಪರೂ ಪೂರ್ವದಿಕ್ಕಿನ ಅಸ್ಸೀರಿಯ ಸಭೆಯ ಮುಖ್ಯರೂ ಕೂಡಿ, ಕ್ರಿಸ್ತನ ವಿಷಯದಲ್ಲಿ ತಮ್ಮ ನಂಬಿಕೆ ಒಂದೇ ಎಂದು ಲಿಖಿತವಾಗಿ ಸಾರಿದರು. ಸಾವಿರದ ಐನೂರು ವರ್ಷಗಳ ವೈಷಮ್ಯದಲ್ಲಿ ಮಾತಿನ ಪಾಲು ಎಷ್ಟು, ತತ್ತ್ವದ ಪಾಲು ಎಷ್ಟೆಂಬುದನ್ನು ಊಹಿಸಿಕೊಳ್ಳಬಹುದು.

ಆದರೆ ಎಲ್ಲವೂ ಮಾತಿನ ಜಗಳವಾಗಿರಲಿಲ್ಲ. ಮ್ಯಾಕ್ಸಿಮಸ್ ಎಂಬ ಸನ್ಯಾಸಿಯ ಚರಿತ್ರೆಯು ಇದಕ್ಕೆ ಸಾಕ್ಷಿ. ಏಳನೆಯ ಶತಮಾನದಲ್ಲಿ ಚಕ್ರವರ್ತಿಗಳು, ಒಡೆದ ಸಭೆಗಳನ್ನು ಕೂಡಿಸುವ ರಾಜಕಾರಣದಿಂದ, ಕ್ರಿಸ್ತನಲ್ಲಿ ಸ್ವಭಾವಗಳೆರಡಾದರೂ ಇಚ್ಛೆ ಒಂದೇ, ಅದು ದೈವದ ಇಚ್ಛೆ ಎಂಬ ಸಂಧಾನದ ಮಾತನ್ನು ಹೊರಡಿಸಿದರು. ಮ್ಯಾಕ್ಸಿಮಸನು ಒಪ್ಪಲಿಲ್ಲ. ಸೆರೆಯಾಗುವ ಹಿಂದಿನ ರಾತ್ರಿ ಗೆತ್ಸೇಮನೆಯ ತೋಟದಲ್ಲಿ ಕ್ರಿಸ್ತನು ಮೊಣಕಾಲೂರಿ, ಈ ಪಾತ್ರೆಯು ತನ್ನಿಂದ ತೊಲಗುವುದಾದರೆ ತೊಲಗಲೆಂದು ಬೆವರಿ ಬೇಡಿದನಲ್ಲವೆ? ಸಾವಿಗೆ ಅಂಜಿದ ಆ ಇಚ್ಛೆಯು ಮನುಷ್ಯನದು. ಅದು ಅಂಜಿಯೂ ತಂದೆಯ ಚಿತ್ತಕ್ಕೆ ಬಾಗಿತು. ಆ ಇಚ್ಛೆಯೇ ಇರಲಿಲ್ಲವೆಂದರೆ ಬಾಗಿದವರಾರು? ಇಷ್ಟನ್ನು ಬಿಡದೆ ಹೇಳಿದುದಕ್ಕಾಗಿ 662ರಲ್ಲಿ ಎಂಬತ್ತು ದಾಟಿದ ಆ ಮುದುಕನ ನಾಲಗೆಯನ್ನೂ ಬಲಗೈಯನ್ನೂ ಕತ್ತರಿಸಿ ದೇಶಭ್ರಷ್ಟನನ್ನಾಗಿ ಮಾಡಿದರೆಂದು ಚರಿತ್ರೆಯಲ್ಲಿದೆ. ಅದೇ ವರ್ಷ ಅವನು ತೀರಿಕೊಂಡನು. ಹದಿನೆಂಟು ವರ್ಷಗಳ ಮೇಲೆ 680–81ರ ಸಭೆಯು ಅವನ ಮಾತೇ ಸರಿಯೆಂದು ಒಪ್ಪಿತು. ದೇವರ ಮಹಿಮೆಗಾಗಿ ಪ್ರಾಣ ಕೊಟ್ಟವರು ಎಲ್ಲ ಮತಗಳಲ್ಲಿಯೂ ಉಂಟು. ದೇವರಲ್ಲಿದ್ದ ಮನುಷ್ಯನ ಅಂಜಿಕೆಯನ್ನು ಉಳಿಸಲು ನಾಲಗೆಯನ್ನು ಕೊಟ್ಟವನು ಅಪೂರ್ವ.

ಈ ತತ್ತ್ವವನ್ನು ಕನ್ನಡಕ್ಕೆ ತಂದವರ ಪಾಡನ್ನೂ ಇಲ್ಲಿ ಹೇಳಬೇಕಾಗಿದೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸನು 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿ ಕನ್ನಡ ಕಲಿತು ಬೈಬಲ್ಲಿನ ಭಾಷಾಂತರಕ್ಕೆ ಕೈಹಚ್ಚಿದನು. ಇಡಿಯ ಬೈಬಲ್ಲು ಕನ್ನಡದಲ್ಲಿ 1831ರ ಹೊತ್ತಿಗೆ ಮುಗಿಯಿತು. ಅನಂತರ ಬಾಸೆಲ್ ಮಿಷನ್ನಿನವರು ಅದನ್ನು ತಿದ್ದಿದರು. ದೇವರು ಮನುಷ್ಯನಾದನೆಂಬುದಕ್ಕೆ ಕನ್ನಡದಲ್ಲಿ ಸಿದ್ಧವಾಗಿ ದೊರಕಿದ ಮಾತು ‘ಅವತಾರ’. ಅವರು ‘ನರಾವತಾರ’ವೆಂದು ಬಳಸಿದರು. ಬೇರೆ ದಾರಿಯೂ ಇರಲಿಲ್ಲ. ಆದರೆ ಅವತಾರವೆಂದೊಡನೆ ಕೇಳುವವರ ಮನಸ್ಸಿನಲ್ಲಿ ಮತ್ಸ್ಯ ಕೂರ್ಮಾದಿ ಹತ್ತು ಮೂರ್ತಿಗಳು ಮೂಡುವುವು. ಒಂದು ಮುಗಿದರೆ ಇನ್ನೊಂದು. ಕಾರ್ಯ ತೀರಿದೊಡನೆ ರೂಪದ ವಿಸರ್ಜನೆ. ಒಂದೇ ಬಾರಿ, ಮರಳಿ ಕಳಚದಂತೆ, ಎಂಬ ಕ್ರೈಸ್ತರ ಅರ್ಥವು ಆ ಮಾತಿನಲ್ಲಿ ನಿಲ್ಲದೆ ಸೋರಿಹೋಗುವುದು. ಇತ್ತ ಲಿಂಗವಂತರಿಗೂ ಆ ಮಾತು ಅಷ್ಟಕ್ಕಷ್ಟೇ. ಪರಶಿವನು ಯೋನಿಜನಲ್ಲ, ಹುಟ್ಟುಸಾವಿನ ಸೋಂಕಿಲ್ಲದವನೆಂಬುದು ಅವರ ಮೂಲನಿಷ್ಠೆ. ಹೀಗಾಗಿ ಬೋಧಕನು ಒಂದು ಹೇಳಿದರೆ ಕೇಳುವವನಿಗೆ ಇನ್ನೊಂದು ಮುಟ್ಟಿತು. ಕಿಟ್ಟೆಲ್ ಪಂಡಿತನು 1862ರಲ್ಲಿ ‘ಕಥಾಮಾಲೆ’ಯೆಂಬ ಹೆಸರಿನಿಂದ ಕ್ರಿಸ್ತಚರಿತ್ರೆಯನ್ನು ಕನ್ನಡ ಪದ್ಯರೂಪದಲ್ಲಿ ರಚಿಸಿದನು. ದೇಶದ ಛಂದಸ್ಸಿನಲ್ಲಿ ಹೇಳಿದರೆ ದೇಶದ ಕಿವಿಗೆ ತಾಕುವುದೆಂದು ಅವನು ಬಗೆದಿರಬೇಕು.

ಮಾತು ಬೇರೆಡೆಗೆ ಮುಟ್ಟಿದುದಕ್ಕೆ ಈ ಸೀಮೆಗೆ ಸಂಬಂಧಿಸಿದ ನಿದರ್ಶನವೊಂದುಂಟು. ಕೊಡೇಕಲ್ಲಿನ ಬಸವಣ್ಣನವರ ಪೀಠವೂ ಅವರ ಕಾಲಜ್ಞಾನವೂ ಪ್ರಸಿದ್ಧ; ಅವರನ್ನು ಅವತಾರಪುರುಷರೆಂದೇ ಭಾವಿಸುವ ಭಕ್ತರು ಹಲವು ಜಿಲ್ಲೆಗಳಲ್ಲಿದ್ದಾರೆ. ಕಾಲಜ್ಞಾನದ ನುಡಿಗಳನ್ನು ನಂಬಿ, ಮುಂದೆ ಬರಲಿರುವವನೊಬ್ಬನನ್ನು ಎದುರುನೋಡುತ್ತಿದ್ದ ಜನರು 1840ರ ಸುಮಾರಿನಲ್ಲಿ ಹುಬ್ಬಳ್ಳಿ–ಧಾರವಾಡದ ಕಡೆ ಬಾಸೆಲ್ ಮಿಷನ್ನಿನ ಬೋಧಕರ ಬಳಿಗೆ ಬಂದರು. ಬೋಧಕರು ಹಿಗ್ಗಿ, ಬರುವವರಿಗಾಗಿ ಗದಗಿನ ಹತ್ತಿರ ಮಲಸಮುದ್ರದಲ್ಲಿ ಬೇಸಾಯದ ನೆಲೆಯೊಂದನ್ನು ಸಿದ್ಧಪಡಿಸಿದರು. ಬಂದವರು ಬೆರಳೆಣಿಕೆಯವರು. ಜನರು ಕಾದಿದ್ದುದು ಇನ್ನು ಬರಲಿರುವ ಒಡೆಯನಿಗಾಗಿ. ಬೋಧಕರು ಹೇಳಿದುದು ಆಗಲೇ ಬಂದು, ಸತ್ತು, ಎದ್ದವನ ಸಂಗತಿಯನ್ನು. ಎರಡೂ ಕಡೆಯವರು ಸಾಧುಗಳೇ ಆಗಿದ್ದಿರಬೇಕು. ಆದರೂ ಒಬ್ಬರ ಮಾತು ಒಬ್ಬರಿಗೆ ಹತ್ತಲಿಲ್ಲ.

ಇಷ್ಟನ್ನು ಕೇಳಿ ಇದೆಲ್ಲ ಪರದೇಶದವರ ತೊಡಕೆಂದು ಲಿಂಗವಂತರು ನಿಶ್ಚಿಂತರಾಗುವಂತಿಲ್ಲ. ಇದೇ ಪ್ರಶ್ನೆಯು ಕನ್ನಡದಲ್ಲಿ, ಅದೂ ಶರಣರ ಅಂಗಳದಲ್ಲಿಯೇ, ಎರಡು ಕಾವ್ಯಗಳಾಗಿ ನಿಂತಿದೆ. ಹರಿಹರನ ಪ್ರಭುದೇವರ ರಗಳೆಯಲ್ಲಿ ಅಲ್ಲಮನು ಮದ್ದಳೆ ಬಾರಿಸುವ ತರುಣ. ಕಮಲತೆಯನ್ನು ಒಲಿದು ಕೂಡಿ ಬಾಳಿದವನು. ಆಕೆ ಜ್ವರದಿಂದ ಸಾಯಲು ಹುಚ್ಚನಂತೆ ಅಲೆದವನು. ಉಗುರಿನಿಂದ ನೆಲವನ್ನು ಕೆದಕುತ್ತ ಕುಳಿತಿರುವಾಗ ಹೊನ್ನ ಕಳಸ ಕಂಡು, ಅಗೆಸಿ, ಒಳಹೊಕ್ಕು ಅನಿಮಿಷಯ್ಯನ ಕೈಯಿಂದ ಲಿಂಗವನ್ನು ಪಡೆದವನು. ಹದಿನೈದನೆಯ ಶತಮಾನದಲ್ಲಿ, ಪ್ರೌಢದೇವರಾಯನ ಕಾಲದ ಚಾಮರಸನಿಗೆ ಇದು ಸೈರಿಸಲಿಲ್ಲ. ಅವನ ಪ್ರಭುಲಿಂಗಲೀಲೆಯಲ್ಲಿ ಅಲ್ಲಮನು ಪರವಸ್ತುವೇ. ಪಾರ್ವತಿಯ ತಾಮಸಕಳೆಯಾದ ಮಾಯಾದೇವಿಯು ಬನವಸೆಯ ರಾಜಪುತ್ರಿಯಾಗಿ ಹುಟ್ಟಿ ಹಂಬಲಿಸಿದರೂ ಆತನ ನೆರಳನ್ನೂ ಹಿಡಿಯಲಾರಳು. ಇಲ್ಲಿ ಹೆಂಡತಿ ಸತ್ತುದೂ ಇಲ್ಲ, ಅತ್ತುದೂ ಇಲ್ಲ.

ಮಠಗಳಲ್ಲಿ ಪುರಾಣ ಹೇಳಿಸಿದುದು ಬಹುವಾಗಿ ಚಾಮರಸನದನ್ನೇ. ಅದರ ಗಾಂಭೀರ್ಯಕ್ಕೆ ಅದು ತಕ್ಕುದೇ. ಆದರೆ ಕೈಹಿಡಿದವಳನ್ನು ಕಳೆದುಕೊಂಡು ಇರುಳೆಲ್ಲ ಎದ್ದು ಕುಳಿತಿರುವ ಭಕ್ತನೊಬ್ಬನಿಗೆ ಹರಿಹರನ ಅಲ್ಲಮನು ಹತ್ತಿರದವನಾಗುವನೆಂಬುದನ್ನು ಅಲ್ಲಗಳೆಯಲಾಗದು. ಬಸವಣ್ಣನವರ ವಿಷಯವೂ ಹೀಗೆಯೇ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿಯೂ 1369ರಲ್ಲಿ ಭೀಮಕವಿಯು ಕನ್ನಡಿಸಿದ ಗ್ರಂಥದಲ್ಲಿಯೂ ಅವರು ನಂದೀಶ್ವರನ ಅಂಶ, ಪವಾಡಪುರುಷರು. ವಿಜಾಪುರದ ಫ. ಗು. ಹಳಕಟ್ಟಿಯವರು 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿ, ಮುಂದೆಯೂ ತಾಳೆಗರಿಗಳನ್ನು ಹುಡುಕಿ ಹುಡುಕಿ ಅಚ್ಚುಹಾಕಿಸಿದಮೇಲೆ ಜನರ ಕೈಗೆ ಬಂದ ಬಸವಣ್ಣನವರು ತಮ್ಮನ್ನು ತಾವೇ ಹಳಿದುಕೊಳ್ಳುವವರು, ಮನದ ಚಂಚಲಕ್ಕೆ ನಾಚುವವರು, ಕೂಡಲಸಂಗನ ಮುಂದೆ ಮೊರೆಯಿಡುವವರು. ಕಲ್ಯಾಣದಲ್ಲಿ ಹರಳಯ್ಯ ಮಧುವರಸರನ್ನು ಆನೆಯ ಕಾಲಿಗೆ ಕಟ್ಟಿ ಎಳೆಸಿದಾಗ ನೆಲಕ್ಕೆ ಬಿದ್ದುದು ನೆತ್ತರು. ಅಲ್ಲಿ ಕತ್ತಿ ಬಯಲಲ್ಲಿ ಹಾಯಲಿಲ್ಲ. ಪುರಾಣದವರೂ ವಚನದವರೂ ಒಬ್ಬರನ್ನೊಬ್ಬರು ತಳ್ಳಿಬಿಡದೆ, ಅತ್ತವನೂ ಎಬ್ಬಿಸಿದವನೂ ಒಬ್ಬನೇ ಎಂದು ಕ್ರೈಸ್ತರು ಹೆಣಗಿದಂತೆ, ಇನ್ನಷ್ಟು ಹೆಣಗಬೇಕಾಗಿದೆ.

ಹಾಗೆಂದು ಎರಡು ಮತಗಳನ್ನೂ ಒಂದುಮಾಡಿ ಹೇಳುವುದು ಪ್ರಾಮಾಣಿಕವಲ್ಲ. ಭೇದವು ನಿಶ್ಚಿತವಾಗಿದೆ. ದೇವತ್ವವೂ ಮಾನವತ್ವವೂ ಒಬ್ಬನಲ್ಲಿ, ಒಂದೇ ಬಾರಿ ಕೂಡಿದವು. ಉಳಿದವರು ಆ ಒಬ್ಬನ ಮೂಲಕವೇ ಬಿಡುಗಡೆ ಹೊಂದುವರು ಎಂದು ಕ್ರೈಸ್ತರು ಹೇಳುವರು. ಶರಣಮಾರ್ಗದಲ್ಲಿ ಲಿಂಗಾಂಗ ಸಾಮರಸ್ಯವು ಒಬ್ಬನ ಸೊತ್ತಲ್ಲ. ಹೊಲೆಯ ಮಾದಿಗ ಅಗಸ ಅಂಬಿಗರೆನ್ನದೆ, ಹೆಣ್ಣು ಗಂಡೆನ್ನದೆ, ಎದೆಯ ಮೇಲೆ ಲಿಂಗವನ್ನು ಧರಿಸಿದ ಪ್ರತಿಯೊಬ್ಬನ ಅಂಗವೂ ಲಿಂಗದ ನೆಲೆ. ಕ್ರೈಸ್ತನು ಕ್ರಿಸ್ತನ ಕಡೆ ಬೆರಳು ತೋರುವನು. ಶರಣನು ಅಂಗೈಯನ್ನೇ ನೋಡುವನು. ಈ ಭೇದವನ್ನು ಮುಚ್ಚಿ ಸ್ನೇಹ ಬೆಳೆಸಬೇಕಾದ ಅಗತ್ಯವಿಲ್ಲ. ಭೇದವನ್ನು ತಿಳಿದ ಸ್ನೇಹವೇ ಬಾಳುವುದು. ತಿಂಥಣಿಯ ಮೌನೇಶ್ವರರ ಜಾತ್ರೆಗೆ ಹಿಂದೂಗಳೂ ಮುಸಲ್ಮಾನರೂ ತಲೆತಲಾಂತರದಿಂದ ನಡೆದು ಬಂದಿರುವರು, ತಮ್ಮ ತಮ್ಮ ಮನೆಗೆ ತಾವು ತಾವಾಗಿಯೇ ಹಿಂದಿರುಗಿರುವರು.

ಇನ್ನೊಂದು ಸಂಗತಿ, ಮಠದ ಭಕ್ತರಿಗೆ ತೀರ ಹತ್ತಿರವಾದುದು. ಗುರುವನ್ನು ನರನೆಂದು ಬಗೆಯಲಾಗದೆಂಬುದು ಆಚಾರ. ಆ ಆಚಾರವು ಸರಿಯಾದುದೇ. ಗುರುವಿನಲ್ಲಿ ಶಿವನನ್ನು ಕಾಣದವನಿಗೆ ದೀಕ್ಷೆಯು ಫಲಿಸದು. ಆದರೆ ಗುರುವನ್ನು ನರನಲ್ಲವೆಂದು ಬಗೆಯುವ ಭಕ್ತಿಯು ಕೆಲವೊಮ್ಮೆ ತೋರಿಕೆವಾದಿಗಳ ದಾರಿಯನ್ನು ಹಿಡಿಯುವುದುಂಟು. ವೃದ್ಧರಾದ ಗುರುಗಳನ್ನು ಸುಡು ಬಿಸಿಲಿನಲ್ಲಿ ಅಡ್ಡಪಲ್ಲಕ್ಕಿಯ ಮೇಲೆ ಊರೆಲ್ಲ ತಿರುಗಿಸಿ, ಒಂದು ದಿನಕ್ಕೆ ಹತ್ತು ಮನೆಯ ಪಾದಪೂಜೆಗೆ ಕರೆದೊಯ್ದು, ಒಲ್ಲೆನೆಂದವರಿಗೆ ಬಿನ್ನಹದ ಮೇಲೆ ಬಿನ್ನಹ ಹೊರಿಸಿ, ಅವರಿಗೂ ಮೊಣಕಾಲು ನೋಯುವುದು, ನಿದ್ರೆ ಬೇಕಾಗುವುದೆಂಬುದನ್ನು ಮರೆಯುವ ಭಕ್ತರಿದ್ದಾರೆ. ಸಮಾರ್ಯದ ಬಾವಿಯ ಬಳಿ ಕುಳಿತವನ ಬಳಲಿಕೆಯನ್ನು ಆ ಹೆಂಗಸು ಕಂಡಳು. ಆತನು ಯಾರೆಂಬುದು ಆಕೆಗೆ ತಿಳಿದುದು ಅದಾದ ಮೇಲೆ.

ಪಾದದ ಮಾತು ಬಂದುದರಿಂದ ಕ್ರೈಸ್ತರ ಒಂದು ವಿಧಿಯನ್ನು ಹೇಳಬಹುದು. ಭಕ್ತನು ಗುರುಜಂಗಮರ ಪಾದವನ್ನು ತೊಳೆಯುವುದು ಲಿಂಗವಂತರ ಕ್ರಮ. ಬಿಜ್ಜಳನ ಮಂತ್ರಿಯಾಗಿದ್ದ ಬಸವಣ್ಣನವರೂ ಅದನ್ನೇ ಮಾಡಿದರು. ಕ್ರಿಸ್ತನು ತಾನು ಸಾಯುವ ಹಿಂದಿನ ಇರುಳು ಊಟದ ನಡುವೆ ಎದ್ದು, ಮೇಲುಹೊದಿಕೆಯನ್ನು ತೆಗೆದಿಟ್ಟು, ಬಟ್ಟೆಯನ್ನು ನಡುವಿಗೆ ಸುತ್ತಿಕೊಂಡು, ಶಿಷ್ಯರ ಕಾಲುಗಳನ್ನು ತಾನೇ ತೊಳೆದು ಒರಸಿದನು. ಪೇತ್ರನೆಂಬ ಶಿಷ್ಯನು ಹೌಹಾರಿ ಕಾಲನ್ನು ಹಿಂದಕ್ಕೆಳೆದುಕೊಂಡನು. ಒಡೆಯನೆಂದು ನಂಬಿದವನಿಗೆ ಇದನ್ನು ಸಹಿಸುವುದು ಹೇಗೆ? ಕೊನೆಗೆ ಚಾಚಿದನು. ಶುಭಶುಕ್ರವಾರದ ಹಿಂದಿನ ಗುರುವಾರ ಸಂಜೆ ರೋಮನ್ ಕ್ಯಾಥೊಲಿಕರ ದೇವಾಲಯಗಳಲ್ಲಿ ಈ ವಿಧಿಯು ನಡೆಯುವುದು. ಊರಿನ ಹನ್ನೆರಡು ಮಂದಿ ಸಾಲಾಗಿ ಕುಳಿತಿರುವರು. ಗುರುಗಳು ನೀರಿನ ಪಾತ್ರೆ ಹಿಡಿದು, ನೆಲಕ್ಕೆ ಮೊಣಕಾಲೂರಿ, ಒಬ್ಬೊಬ್ಬರ ಕಾಲನ್ನೂ ತೊಳೆದು ಒರಸುತ್ತ ಸಾಲಿನ ಕೊನೆಯವರೆಗೆ ಹೋಗುವರು.